ಮೆತ್ತಿದ ಬಿರುಕು ಮತ್ತೆ ಬಿಡುವುದೇಕೆ?

ತರಗತಿ: 9. ವಿಷಯ: ವಿಜ್ಞಾನ. ಪಾಠಾಂಶ: ಎರೆಮಣ್ಣು ಮತ್ತು ಮನೆಯ ಬುನಾದಿ. ಅವಧಿ: 2

ಪೀಠಿಕೆ
"ಬೇಸಿಗೆಯಲ್ಲಿ ಎರೆಹೊಲ ಹೇಗಿರುತ್ತದೆ?" ಎಂದು ಕೇಳಿದೆ. "ಬಾಯಿ ಬಿಟ್ಟಿರುತ್ತದೆ" ಎಂದರು. "ಅಲ್ಲಿ ಮನೆ ಕಟ್ಟಿದರೆ?" ಎಂದಾಗ ಒಬ್ಬ ವಿದ್ಯಾರ್ಥಿನಿ, ತಮ್ಮ ಗೋಡೆಯ ಬಿರುಕಿಗೆ ವರ್ಷವೂ ಸಿಮೆಂಟ್ ಮೆತ್ತಿದರೂ ಬೇಸಿಗೆಗೆ ಮತ್ತೆ ಬಿಡುತ್ತದೆ ಎಂದಳು. ನಾನು ಅವಸರದಲ್ಲಿ "ಹಾಗಾದರೆ ನಿಮ್ಮ ಬುನಾದಿ ಕುಸಿದಿದೆ" ಎಂದುಬಿಟ್ಟೆ. ಅವಳು ಸುಮ್ಮನಾದಳು.

ಚಟುವಟಿಕೆ 1
ಒಣಗಿಸಿ ಸಣ್ಣಗೆ ಜರಡಿ ಹಿಡಿದ ಎರೆಮಣ್ಣನ್ನು ತಲಾ 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ನೀರಿನಲ್ಲಿರುವ ಮಣ್ಣು ಮಾತ್ರ ಉಬ್ಬುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜದ ಪದರಗಳು ನೀರನ್ನು ಒಳಗೆಳೆದುಕೊಳ್ಳುವುದೇ ಕಾರಣ. ಒಣಗಿದಾಗ ಅದೇ ಮಣ್ಣು ಕುಗ್ಗಿ, ಬುನಾದಿಯ ಆಸರೆ ತಪ್ಪುತ್ತದೆ.

ಚಟುವಟಿಕೆ 2
ಸಾಲಾಗಿಟ್ಟ ಪುಸ್ತಕಗಳ ಮೇಲೆ ತೆಳು ರಟ್ಟಿನ ಪಟ್ಟಿ ಹಾಸಿ, ಬೆಂಕಿಪೊಟ್ಟಣಗಳನ್ನು ಒತ್ತೊತ್ತಾಗಿ ನಿಲ್ಲಿಸಿ. ತುದಿಯ ಪುಸ್ತಕ ತೆಗೆದು ಪಟ್ಟಿಯನ್ನು ಬಾಗಿಸಿದರೆ ಸಂದು ಮೇಲ್ಗಡೆ ಅಗಲವಾಗುತ್ತದೆ; ನಡುವಿನದು ತೆಗೆದರೆ ಕೆಳಗಡೆ. ಬಿರುಕಿನ ಆಕಾರವೇ ಯಾವ ಭಾಗ ಇಳಿದಿದೆ ಎಂಬ ಸುಳಿವು ಕೊಡುತ್ತದೆ.

ಗುರುತಿಸುವುದು
ಗಿಲಾವಿನ ಕೂದಲೆಳೆಯ ಗೆರೆಗಳೆಲ್ಲ ಕುಸಿತವಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಸಾಗುವ ಬಿರುಕು, ಬಿಗಿಯಾಗುವ ಬಾಗಿಲು, ನೆಲ ಗೋಡೆಗಳ ನಡುವಿನ ಸಂದು ಒಟ್ಟಿಗೆ ಕಂಡರೆ ಅನುಮಾನಿಸಬೇಕು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಬಿರುಕಿನ ಅಗಲ ಅಳೆಯಿರಿ. ಬಿರುಕು ಬೇಗಬೇಗ ಅಗಲವಾದರೆ ಅಥವಾ ಗೋಡೆ ಉಬ್ಬಿದರೆ ಕಾಯದೆ ಮನೆಯಿಂದ ಹೊರಬಂದು ಎಂಜಿನಿಯರನ್ನು ಕರೆಸಬೇಕು.

ದುರಸ್ತಿ
ಮೊದಲು ನೀರು, ಆಮೇಲೆ ಬುನಾದಿ, ಕೊನೆಗೆ ಬಿರುಕು. ಸೋರುವ ಕೊಳವೆ ಸರಿಪಡಿಸಿ, ಬಚ್ಚಲು ಮತ್ತು ಮಾಳಿಗೆಯ ನೀರನ್ನು ದೂರ ಹರಿಸಿ, ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಗಚ್ಚು ಹಾಕಬೇಕು. ಆಗಲೂ ಇಳಿತ ನಿಲ್ಲದಿದ್ದರೆ ಎಂಜಿನಿಯರರ ಸಲಹೆಯಂತೆ ಬುನಾದಿಯ ಕೆಳಗೆ ಗಟ್ಟಿ ಪದರದವರೆಗೆ ಹೊಸ ಆಸರೆ ಕಟ್ಟಬೇಕು. ಈ ಕೆಲಸ ತುಂಡುತುಂಡಾಗಿ, ಒಂದು ಬಿಟ್ಟು ಒಂದರಂತೆ ನಡೆಯಬೇಕು; ಉದ್ದಕ್ಕೂ ಒಮ್ಮೆಲೇ ಅಗೆದರೆ ಗೋಡೆಯೇ ಬೀಳಬಹುದು. ಚಲನೆ ನಿಂತ ಮೇಲೆ ಬಿರುಕು ತುಂಬಬೇಕು.

ಅವಲೋಕನ
ಮನೆಯನ್ನು ನೋಡದೆ ತೀರ್ಪು ಕೊಟ್ಟದ್ದು ನನ್ನ ತಪ್ಪು. ಮರುದಿನ ಅವಳ ಬಳಿ ಹಾಗೆಂದು ಒಪ್ಪಿಕೊಂಡು, "ಬಿರುಕು ಮೇಲೆ ಅಗಲವೋ, ಕೆಳಗೋ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದೆ. ನೋಡಿ ಬರುತ್ತೇನೆ ಎಂದಳು. ಮಕ್ಕಳ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಾಗ ಮೊದಲು ಪ್ರಶ್ನೆ ಕೊಡಬೇಕು, ಉತ್ತರವನ್ನಲ್ಲ.

ಮೌಲ್ಯಮಾಪನ
ನೀರಿನ ದಾರಿ ಸರಿಪಡಿಸದೆ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಏನಾಗುತ್ತದೆ? ಚಟುವಟಿಕೆ 1ರ ಆಧಾರದಿಂದ ವಿವರಿಸಿ.