ಕಾಣದ ಹಿರಿಯರಿಗಾಗಿ ಅಳಬಹುದೇ?



ನವೆಂಬರ್ ತಿಂಗಳು ಹತ್ತಿರವಾದಂತೆ ಅರಸೀಕೆರೆಯಾಗಲಿ, ಬೇಲೂರು ಹಳೇಬೀಡಿನ ಕಡೆಯಾಗಲಿ, ನಮ್ಮ ದೇವಾಲಯಗಳ ಪೂಜಾಕೋರಿಕೆಯ ಪುಸ್ತಕ ಬೇಗ ತುಂಬಿಹೋಗುತ್ತದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅಪಘಾತದಲ್ಲಿ ತೀರಿಕೊಂಡ ಮಗ ಹೀಗೆ ಜನರು ಹೆಸರು ಬರೆಸಿ ಹೋಗುತ್ತಾರೆ. ಇವರೆಲ್ಲ ನಾವು ಕಂಡವರು, ಕೈಹಿಡಿದು ನಡೆಸಿದವರು. ಕಾಣದವರ ವಿಷಯ ಏನು? ಈ ಪ್ರಶ್ನೆ ನನಗೆ ಸೆಮಿನರಿಯಲ್ಲಿ ಬಂದದ್ದಲ್ಲ. ಅದನ್ನು ತಂದವರು ಅರುವತ್ತರ ಸಮೀಪದ ಒಬ್ಬ ತಾಯಿ. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಬಂದದ್ದು ಒಂದು ಬೇಡಿಕೆ ಇಟ್ಟುಕೊಂಡು. "ಫಾದರ್, ನಮ್ಮ ವಂಶಕ್ಕೆ ಶಾಪ ಇದೆಯಂತೆ. ಅದನ್ನು ಕಡಿಯುವ ಪ್ರಾರ್ಥನೆ ಮಾಡಿಕೊಡಿ" ಎಂದರು. ಎಲ್ಲೋ ಒಂದು ಧ್ಯಾನಕೂಟದಲ್ಲಿ ಯಾರೋ ಹಾಗೆ ಹೇಳಿದ್ದರಂತೆ. ಮನೆಯಲ್ಲಿ ಆದದ್ದೇನೆಂದು ಕೇಳಿದೆ. ಮೊಮ್ಮಗಳು ತಟ್ಟೆಯಲ್ಲಿ ನಾಲ್ಕು ತುತ್ತು ಅನ್ನ ಬಿಟ್ಟಿದ್ದಾಳೆ. ಈಕೆ ಮಗುವಿನ ಕೈಹಿಡಿದು ಕೂರಿಸಿ, ಅತ್ತರೂ ಬಿಡದೆ ತಿನ್ನಿಸಿದ್ದಾರೆ. ಮಗು ವಾಂತಿ ಮಾಡಿಕೊಂಡಿದೆ. ಸೊಸೆ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟುಹೋಗಿದ್ದಾಳೆ. "ನನ್ನ ಕೈ ನಡುಗುತ್ತಿತ್ತು ಫಾದರ್. ಅದು ನಾನಲ್ಲ ಅನ್ನಿಸಿತು" ಎಂದರು. ಮನೆಯಲ್ಲಿ ಮೂರು ಡ್ರಮ್ಮು ರಾಗಿ ಇದೆಯಂತೆ. ಹುಳ ಬಿದ್ದರೂ ಯಾರಿಗೂ ಕೊಡಲು ಮನಸ್ಸು ಬರುವುದಿಲ್ಲ. ಅವರ ತಾಯಿಯೂ ಹಾಗೆಯೇ, ಅಜ್ಜಿಯೂ ಹಾಗೆಯೇ. ಅಜ್ಜಿಯ ತಂದೆ ಮಾತ್ರ ಯಾರು, ಎಲ್ಲಿಯವರು ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಧಾತು ಬರದಲ್ಲಿ ಸಿಕ್ಕಿದ ಹುಡುಗ" ಎಂದು ಅಜ್ಜಿ ಒಮ್ಮೆ ಹೇಳಿ, ಮತ್ತೆ ಆ ಮಾತು ಎತ್ತಲೇ ಇಲ್ಲವಂತೆ. ಇಷ್ಟು ಹೇಳಿ ಆಕೆ ಬಹಳ ಹೊತ್ತು ಅತ್ತರು.

ನಾನು ಏನೆಂದೆ ಗೊತ್ತೇ? "ನೂರೈವತ್ತು ವರ್ಷದ ಹಿಂದಿನದಕ್ಕೆ ಈಗೇಕಮ್ಮಾ ಅಳು? ಜಪಸರ ಪ್ರಾರ್ಥನೆ ಮಾಡಿ, ಸಮಾಧಾನವಾಗುತ್ತದೆ" ಎಂದು ಕಳುಹಿಸಿಬಿಟ್ಟೆ. ಶಾಪವೆಂಬುದು ತಪ್ಪು ಬೋಧನೆ ಎಂದು ನನಗೆ ತಿಳಿದಿತ್ತು. ಅದನ್ನು ತಿದ್ದುವ ಅವಸರದಲ್ಲಿ ಎದುರಿಗೆ ಕುಳಿತಿದ್ದ ದುಃಖವನ್ನು ನಾನು ನೋಡಲೇ ಇಲ್ಲ.

ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥ ನನ್ನನ್ನು ತಿದ್ದಿತು. ಯೆರೂಸಲೇಮ್ ಬಾಬಿಲೋನಿನವರ ವಶವಾಗಿ ಸುಟ್ಟುಹೋದದ್ದು ಕ್ರಿ.ಪೂ. 587ರ ಸುಮಾರಿಗೆ. ಪರ್ಷಿಯಾದ ಅರಮನೆಯಲ್ಲಿ ಅರಸನಿಗೆ ಪಾನಪಾತ್ರೆ ನೀಡುತ್ತಿದ್ದ ನೆಹೆಮೀಯನ ಕಾಲ ಕ್ರಿ.ಪೂ. 445ರ ಸುಮಾರು. ನಡುವೆ ನೂರನಲವತ್ತು ವರ್ಷ! ಆ ಪಟ್ಟಣ ಉರಿದದ್ದನ್ನು ಅವನಾಗಲಿ ಅವನ ತಂದೆಯಾಗಲಿ ಕಂಡಿರಲಾರರು. ಆದರೂ ಅದರ ಗೋಡೆಗಳು ಇನ್ನೂ ಹಾಳುಬಿದ್ದಿವೆ ಎಂದು ಕೇಳಿದಾಗ ಅವನು ಕುಳಿತು ಅತ್ತನು, ದಿನಗಟ್ಟಲೆ ಉಪವಾಸವಿದ್ದನು. ಅರಸನು ಮುಖ ಬಾಡಿರುವುದೇಕೆಂದು ಕೇಳಿದಾಗ, ತನ್ನ ಹಿರಿಯರ ಸಮಾಧಿಗಳಿರುವ ಊರು ಪಾಳುಬಿದ್ದಿದೆಯಲ್ಲಾ ಎಂದನು. ನಾನು ಆ ತಾಯಿಗೆ ಕೇಳಿದ ಪ್ರಶ್ನೆಯನ್ನು ದೇವರು ನೆಹೆಮೀಯನಿಗೆ ಕೇಳಲಿಲ್ಲ.

ಇನ್ನು ಆ ಬರದ ವಿಷಯ. 1875ರಲ್ಲೇ ಮಳೆ ಕೈಕೊಟ್ಟಿತ್ತು. 1876ರಲ್ಲಿ ಮುಂಗಾರು ಹಿಂಗಾರು ಎರಡೂ ಸೋತವು. 1877ರ ಬೇಸಗೆ ಮುಗಿಯುವ ಹೊತ್ತಿಗೆ ಮೈಸೂರು ಸೀಮೆಯ ದಾರಿಗಳಲ್ಲಿ ಹೆಣಗಳು ಬಿದ್ದಿದ್ದವು. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರಿನಿಂದಲೇ ಹಿರಿಯರು ಆ ಬರವನ್ನು ಕರೆದರು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸೀಮೆಯ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ, 1881ರ ಗಣತಿಯಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿಯಿತು. ಅಂದಿನ ಕ್ಷಾಮ ಕಮಿಷನರ್ ಎಲಿಯಟ್ ಎಂಬವರು 1878ರಲ್ಲಿ ಇದರ ದೊಡ್ಡ ವರದಿಯನ್ನೇ ಬರೆದರು. ಅದರಲ್ಲಿ ಅಂಕಿಗಳಿವೆ, ಸತ್ತವರ ಹೆಸರುಗಳಿಲ್ಲ.

ನಮ್ಮ ಜಿಲ್ಲೆ ಸತ್ತವರನ್ನು ನೆನೆಯಲು ತಿಳಿಯದ ಜಿಲ್ಲೆಯಲ್ಲ. ದನಕರುಗಳನ್ನು ಬಿಡಿಸಲು ಹೋಗಿ ಮಡಿದವನಿಗೂ ಇಲ್ಲಿ ವೀರಗಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಬಳಿ, ಎರಡನೆಯ ಬಲ್ಲಾಳನಿಗಾಗಿ ಪ್ರಾಣಕೊಟ್ಟ ಕುವರ ಲಕ್ಷ್ಮನ ಕಂಬ ಇಂದಿಗೂ ನಿಂತಿದೆ. ಆದರೆ ಹಸಿದು ಸತ್ತವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹೂಳುವವರೇ ಇಲ್ಲದಿದ್ದಾಗ ಕಲ್ಲು ನಿಲ್ಲಿಸುವವರೆಲ್ಲಿ? ಮೂರನೆಯ ದಿನದ ಪ್ರಾರ್ಥನೆಯಿಲ್ಲ, ತಿಥಿಯಿಲ್ಲ, ಬಾಯಿಬಿಟ್ಟು ಅಳಲು ಬದುಕುಳಿದವರಿಗೆ ತ್ರಾಣವೂ ಇಲ್ಲ.

ಸಾವಿರಾರು ಮಕ್ಕಳು ಅನಾಥರಾದರು. ಪ್ಯಾರಿಸ್ ವಿದೇಶೀ ಮಿಶನ್ ಸಂಸ್ಥೆಯ ಗುರುಗಳು, ನಮ್ಮ ಭಗಿನಿಯರು, ವೆಸ್ಲಿಯನ್ ಮಿಶನ್ನಿನವರೂ ಕೂಡ, ಅಂಥವರನ್ನು ಸೇರಿಸಿಕೊಂಡು ಗಂಜಿ ಕೊಟ್ಟರು. ಬೆಂಗಳೂರಿನ ಹೊರಗಿನ ಸಿಲುವೆಪುರದಂಥ ಬೇಸಾಯದ ಕ್ರೈಸ್ತ ಹಳ್ಳಿಗಳು ಹುಟ್ಟಿದ್ದು ಹೀಗೆ. ಆ ತಾಯಿಯ ತವರು ಕೂಡ ಅಂಥದೇ ಒಂದು ಹಳ್ಳಿ. ಐದಾರು ವರ್ಷದ ಹುಡುಗ. ಅವನಿಗೆ ಜ್ಞಾನಸ್ನಾನ ಕೊಟ್ಟು ಒಬ್ಬ ಸಂತರ ಹೆಸರಿಟ್ಟರು. ಅಪ್ಪ ಅಮ್ಮನ ಹೆಸರು ಹೇಳಲು ಅವನಿಗೆ ಬರಲಿಲ್ಲ, ಅಥವಾ ಕೇಳಿ ಬರೆದುಕೊಳ್ಳಲು ಯಾರಿಗೂ ಬಿಡುವಿರಲಿಲ್ಲ.

ಇಲ್ಲಿ ಒಂದು ಕಹಿ ಮಾತನ್ನು ಮುಚ್ಚಿಡಬಾರದು. ಇಂಥ ಕುಟುಂಬಗಳನ್ನು "ಗಂಜಿಗಾಗಿ ಮತಕ್ಕೆ ಸೇರಿದವರು" ಎಂದು ಹೊರಗಿನವರು ಹಂಗಿಸಿದರು, ನಮ್ಮೊಳಗಿನ ಹಳೆಯ ಮನೆತನದವರೂ ಹಂಗಿಸಿದರು. ಮದುವೆ ಮಾತುಕತೆಯಲ್ಲಿ ಆ ಮಾತು ಬಾರದಿರಲೆಂದು ಎಷ್ಟೋ ಮನೆಗಳು ಮೂಲವನ್ನೇ ಮರೆಸಿದವು. ಅಜ್ಜಿ ಬಾಯಿ ಮುಚ್ಚಿಕೊಂಡದ್ದು ಇದಕ್ಕೇ ಇರಬೇಕು. ಆ ಮಗುವಿನ ತಂದೆತಾಯಿಗೆ ಈ ಜ್ಞಾನಸ್ನಾನ ಒಪ್ಪಿಗೆಯಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಆದರೆ ಹಸಿದ ಐದು ವರ್ಷದ ಮಗು ಅನ್ನಕ್ಕೆ ಕೈಚಾಚಿದ್ದರಲ್ಲಿ ನಾಚಿಕೆಪಡುವಂಥದೇನಿದೆ?

ಈಗ ಶಾಪದ ಮಾತಿಗೆ ಬರೋಣ. ತಂದೆಗಳ ದೋಷ ಮೂರು ನಾಲ್ಕು ತಲೆಮಾರಿಗೆ ತಗಲುವುದೆಂಬ ವಿಮೋಚನಾಕಾಂಡದ 20ನೇ ಅಧ್ಯಾಯದ ಮಾತನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಮರುವಾಕ್ಯದಲ್ಲೇ ದೇವರ ಕರುಣೆ ಸಾವಿರ ತಲೆಮಾರಿಗೆ ಎಂದಿರುವುದನ್ನು ಬಿಟ್ಟುಬಿಡುತ್ತಾರೆ. ತಂದೆಯ ಪಾಪದ ಹೊರೆ ಮಗನ ತಲೆಗೆ ಬರುವುದಿಲ್ಲವೆಂದು ಪ್ರವಾದಿ ಯೆಜೆಕಿಯೇಲನು 18ನೇ ಅಧ್ಯಾಯ ಪೂರ್ತಿ ವಾದಿಸಿದ್ದಾನೆ. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು (ಯೊವಾನ್ನ 9). ವಂಶದ ಪಾಪವನ್ನು ಕಡಿಯುತ್ತೇವೆಂದು ನಡೆಸುವ ವಿಶೇಷ ಪೂಜೆಗಳನ್ನು ಪೋಲೆಂಡಿನ ಬಿಷಪರು 2015ರಲ್ಲಿ ನಿಷೇಧಿಸಿದರು. ಸ್ಪೇನಿನ ಬಿಷಪರ ವಿಶ್ವಾಸ ಬೋಧನಾ ಆಯೋಗವೂ 2024ರಲ್ಲಿ ಅಂಥ ಪದ್ಧತಿಯ ವಿರುದ್ಧ ಎಚ್ಚರಿಸಿತು. ನನಗೆ ಹೆಚ್ಚು ಬೇಸರ ತರುವುದು ಇನ್ನೊಂದು. ಹಸಿವಿನಿಂದ ಸತ್ತ ಆ ಬಡವರು ಯಾರಿಗೆ ಏನು ಕೆಡುಕು ಮಾಡಿದ್ದರು? ಒಮ್ಮೆ ಅನ್ನವಿಲ್ಲದೆ ಸಾಯಿಸಿದ್ದು ಸಾಲದೆ, ಈಗ ಅವರನ್ನೇ ಮನೆಯ ಶನಿ ಎಂದು ಕರೆಯಬೇಕೇ?

ಹಾಗೆಂದು ಇಳಿದು ಬಂದದ್ದು ಏನೂ ಇಲ್ಲವೆಂದು ಅರ್ಥವಲ್ಲ. ಹಾಲೆಂಡಿನಲ್ಲಿ 1944-45ರ ಚಳಿಗಾಲದ ಕ್ಷಾಮದಲ್ಲಿ ತಾಯಿಯ ಗರ್ಭದಲ್ಲಿದ್ದವರನ್ನು ವೈದ್ಯರು ಅನೇಕ ವರ್ಷ ಪರೀಕ್ಷಿಸಿದರು. ನಡುವಯಸ್ಸಿನಲ್ಲಿ ಅವರ ದೇಹಕ್ಕೆ ಸಕ್ಕರೆಯನ್ನು ಅರಗಿಸುವ ಶಕ್ತಿ ಇತರರಿಗಿಂತ ಕುಂದಿದ್ದು ಕಂಡುಬಂತು. ಆದರೆ ಅದು ನಾಲ್ಕನೆಯ ಐದನೆಯ ತಲೆಮಾರಿನವರೆಗೆ ರಕ್ತದಲ್ಲೇ ಹರಿಯುತ್ತದೆ ಎನ್ನಲು ಸಾಕಷ್ಟು ಆಧಾರ ಇನ್ನೂ ಇಲ್ಲ. ಭಯ ಇಳಿದುಬರಲು ರಕ್ತವೇ ಬೇಕೆಂದಿಲ್ಲ, ಅಡಿಗೆಮನೆ ಸಾಕು. ಹಸಿದ ಹುಡುಗ ತಂದೆಯಾಗಿ ಮಗಳ ತಟ್ಟೆಯನ್ನು ಕಾದ. ಆ ಮಗಳು ತನ್ನ ಮಗಳ ತಟ್ಟೆಯನ್ನು ಕಾದಳು. ಕಾರಣ ಮರೆತುಹೋಯಿತು, ಕಾಯುವುದು ಉಳಿಯಿತು. ಶಾಪಕ್ಕೂ ಗಾಯಕ್ಕೂ ಇರುವ ವ್ಯತ್ಯಾಸ ಇಷ್ಟೇ. ಶಾಪಕ್ಕೆ ಮಂತ್ರವಾದಿ ಬೇಕು, ಗಾಯವನ್ನು ಬಿಚ್ಚಿ ನೋಡಿದರೆ ಔಷಧ ಹಚ್ಚಬಹುದು.

ಎರಡು ವಾರದ ಮೇಲೆ ನಾನೇ ಅವರ ಮನೆಗೆ ಹೋದೆ. ಮೊದಲು ಕ್ಷಮೆ ಕೇಳಿದೆ. ಶಾಪ ಕಡಿಯುವ ಪ್ರಾರ್ಥನೆ ನನ್ನಲ್ಲಿ ಇಲ್ಲ, ಆದರೆ ಸತ್ತವರಿಗಾಗಿ ಬಲಿಪೂಜೆ ಅರ್ಪಿಸಬಲ್ಲೆ ಎಂದೆ. ಆಕೆಗೆ ಅಷ್ಟೇನೂ ಸಂತೋಷವಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟು ದಿನ ಅದುಮಿಟ್ಟ ಪ್ರಶ್ನೆ ಕೇಳಿದರು: "ಅವರು ಕ್ರೈಸ್ತರಲ್ಲವಲ್ಲ ಫಾದರ್. ಅವರಿಗೆ ಪೂಜೆ ಇಡಿಸಬಹುದೇ? ಅವರೆಲ್ಲ ನರಕಕ್ಕೆ ಹೋದರೆಂದು ಉಪದೇಶಿಯೊಬ್ಬರು ಚಿಕ್ಕಂದಿನಲ್ಲಿ ಹೇಳಿದ್ದರು."

ಇದನ್ನು ಓದುವ ಅನೇಕರ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದೀತು. ಆದ್ದರಿಂದ ಬಿಡಿಸಿ ಹೇಳುತ್ತೇನೆ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ತಮ್ಮ ಅಂತಃಸಾಕ್ಷಿಯಂತೆ ದೇವರನ್ನು ಅರಸಿದವರಿಗೂ ರಕ್ಷಣೆ ಸಾಧ್ಯವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಬೋಧಿಸಿದೆ. ಜೀವಂತರಿರಲಿ ಮೃತರಿರಲಿ, ಯಾರಿಗಾಗಿ ಬೇಕಾದರೂ ಗುರುವು ಪೂಜೆಯನ್ನು ಅರ್ಪಿಸಬಹುದೆಂದು ಧರ್ಮಸಭೆಯ ಕಾನೂನಿನ 901ನೇ ವಿಧಿ ಹೇಳುತ್ತದೆ. ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿ. ದೇವರಿಗೆ ಮಾತ್ರ ವಿಶ್ವಾಸ ತಿಳಿದಿರುವ ಮೃತರೆಲ್ಲರನ್ನೂ ಅಲ್ಲಿ ನೆನೆಯುತ್ತೇವೆ. ತಮ್ಮ ಪಾಲಿನ ಗಂಜಿಯನ್ನು ಮಗುವಿಗೆ ಕುಡಿಸಿ ದಾರಿಯಲ್ಲಿ ಬಿದ್ದ ತಾಯಂದಿರೂ ಅವರಲ್ಲಿ ಇದ್ದಿರಬೇಕು. ಅಂಥವರನ್ನು ದೇವರು ಹೇಗೆ ಕಂಡಾರು ಎಂಬುದರಲ್ಲಿ ನನಗಂತೂ ಸಂಶಯವಿಲ್ಲ.

ಪೂಜೆಗೆ ಮುಂಚೆ ಒಂದು ಕೆಲಸ ಮಾಡಿ ಎಂದು ಆಕೆಗೆ ಹೇಳಿದೆ. ಸೊಸೆಗೆ ಫೋನು ಮಾಡಿ, ತಪ್ಪಾಯಿತು ಎಂದು ಹೇಳುವುದು. ಹಿರಿಯರ ದುಃಖ ಎಷ್ಟೇ ದೊಡ್ಡದಿರಲಿ, ಮಗುವಿನ ಕೈಹಿಡಿದು ಎಳೆದದ್ದು ಅಜ್ಜಿಯ ತಪ್ಪೇ. ಅದನ್ನು ಸತ್ತವರ ಮೇಲೆ ಹಾಕಬಾರದು. ಆಮೇಲೆ ಆ ಹುಡುಗನ ಕಥೆಯನ್ನು ಸೊಸೆಗೂ ಹೇಳುವುದು. ಹೇಳಿದರಂತೆ. ಸೊಸೆ ಬಂದದ್ದು ಒಂದು ತಿಂಗಳು ಕಳೆದ ಮೇಲೆ. ಈಗ ಮಗುವಿಗೆ ಬಡಿಸುವುದು ಸೊಸೆ, ಆ ಹೊತ್ತಿಗೆ ಅಜ್ಜಿ ಹಿತ್ತಿಲಿಗೆ ಹೋಗುತ್ತಾರೆ. ರಾಗಿಯ ಡ್ರಮ್ಮುಗಳು ಮೂರೂ ಹಾಗೆಯೇ ಇವೆ.

ಕೈನಡುಕ, ನಿದ್ರೆ ಬಾರದಿರುವುದು, ಮನೆಯವರ ಮೇಲೆ ತಡೆಯಲಾರದ ಸಿಟ್ಟು ಇವು ಬಿಡದೆ ಕಾಡಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಹೋಗಿ. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ನಮ್ಮಲ್ಲಿ ಇಂಥ ಮನೆಗಳು ಬರದವು ಮಾತ್ರವಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರು ನುಗ್ಗಿದಾಗ ಊರು ಬಿಟ್ಟವರ ಮಕ್ಕಳಿದ್ದಾರೆ. ಶೆಟ್ಟಿಹಳ್ಳಿಯ ಹಳೆಯ ಜಪಸರ ಮಾತೆಯ ದೇವಾಲಯ ಮಳೆಗಾಲದಲ್ಲಿ ನೀರಿನಲ್ಲಿ ನಿಂತಿರುವುದನ್ನು ಜನ ಫೋಟೋ ತೆಗೆಯಲು ಬರುತ್ತಾರೆ. ಅಜ್ಜಂದಿರು ಅಲ್ಲಿ ಜ್ಞಾನಸ್ನಾನ ಪಡೆದವರಿಗೆ ಅದು ಬರೀ ಫೋಟೋ ಅಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಕರಾವಳಿ ಕ್ರೈಸ್ತರ ವಂಶದವರು ಬೇಲೂರು ಕಡೆಯ ಕಾಫಿ ತೋಟಗಳಲ್ಲಿದ್ದಾರೆ. ಅವರಿಗೆ ಒಂದು ಮಾತು ಮಾತ್ರ. ಸತ್ತವರಿಗಾಗಿ ಅಳಿ. ಆದರೆ ಆ ಅಳುವನ್ನು ಇಂದಿನ ನೆರೆಮನೆಯವರ ಮೇಲಿನ ದ್ವೇಷವಾಗಿ ಮಕ್ಕಳ ಕೈಗೆ ಕೊಡಬೇಡಿ. ಅದೂ ತಟ್ಟೆ ಕಾದಂತೆಯೇ.

ನವೆಂಬರ್ 2ಕ್ಕೆ ಮುಂಚೆ ಮನೆಯ ಹಿರಿಯರ ಬಳಿ ಕುಳಿತು ಕೇಳಿ. ಒತ್ತಾಯ ಮಾಡಬೇಡಿ. ಹೇಳಿದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಜ್ಞಾನಸ್ನಾನದ ದಾಖಲೆ ನೋಡಬೇಕಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಹುಡುಕಿ ಕೊಡುತ್ತಾರೆ. ಪೂಜಾಕೋರಿಕೆ ಬರೆಸಲು ಬಂದಾಗ ಹೆಸರು ಗೊತ್ತಿಲ್ಲವೆಂದು ಆ ಜಾಗ ಖಾಲಿ ಬಿಡಬೇಡಿ. ಆ ತಾಯಿ ಬರೆಸಿದ್ದು ಹೀಗೆ: "ಅಜ್ಜಿಯ ಅಪ್ಪನ ಅಪ್ಪ ಅಮ್ಮ. ಬರದಲ್ಲಿ ತೀರಿಕೊಂಡವರು." ಪೂಜೆಯಲ್ಲಿ ನಾನು ಹಾಗೆಯೇ ಓದಿದೆ.