ಬಾಣವನ್ನು ನಿಲ್ಲಿಸುವುದು ಯಾವುದು? – ಗುರಿಚೀಲದ ಮೂಲಕ ‘ಕೆಲಸ ಮತ್ತು ಶಕ್ತಿ’

ತರಗತಿ: 9 | ವಿಷಯ: ವಿಜ್ಞಾನ | ಘಟಕ: ಕೆಲಸ ಮತ್ತು ಶಕ್ತಿ | ಅವಧಿ: 40 ನಿಮಿಷ

ಹಿನ್ನೆಲೆ

ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯುತ್ತಿತ್ತು. ಎಳೆದ ಬಿಲ್ಲಿನಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ ಎಂದು ಚಿತ್ರ ಬರೆದು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಟೀಚರ್, ನಾವು ಮನೆಯಲ್ಲಿ ಹಟ್ಟಿಯ ಗೋಡೆಗೆ ಬಾಣ ಬಿಡುವುದು. ಬಾಣ ತುಂಡಾಗ್ತದೆ, ಕೆಲವೊಮ್ಮೆ ತಿರುಗಿ ಬರ್ತದೆ. ಗುರಿಗೆ ಏನು ಇಡಬೇಕು?” ನನಗೆ ಉತ್ತರ ಗೊತ್ತಿರಲಿಲ್ಲ. “ಅದು ಪಾಠದ ಹೊರಗಿನದು” ಎಂದು ಮುಂದೆ ಹೋದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಅದೇ ಪಾಠವಾಗಿತ್ತು.” ಮರುವಾರ ಆ ಪ್ರಶ್ನೆಯನ್ನೇ ಪಾಠವಾಗಿಸಿದೆ.

ಕಲಿಕೋಪಕರಣಗಳು

ಒಂದು ಮೀಟರ್ ಉದ್ದದ ಪಿವಿಸಿ ಪೈಪು, ತುದಿ ಚೂಪಾದ 200 ಗ್ರಾಂ ಕಬ್ಬಿಣದ ಸರಳು, ಹಳೆ ಬಟ್ಟೆ ಸಡಿಲವಾಗಿ ತುಂಬಿದ ಒಂದು ಗೋಣಿಚೀಲ, ಒತ್ತಿ ಬಿಗಿಯಾಗಿ ತುಂಬಿದ ಇನ್ನೊಂದು, ಅಳತೆಪಟ್ಟಿ. ಬಿಲ್ಲನ್ನು ತರಗತಿಗೆ ತರಲಿಲ್ಲ. ಸರಳನ್ನು ನಾನೇ ಬಿಟ್ಟೆ.

ಚಟುವಟಿಕೆ

ಚೀಲದ ಮೇಲೆ ಪೈಪನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೆ ಸರಳನ್ನು ಬಿಟ್ಟಾಗ ಅದಕ್ಕೆ ದೊರೆಯುವ ಶಕ್ತಿ 0.2 × 9.8 × 1, ಅಂದರೆ ಸುಮಾರು 2 ಜೂಲ್. ಸಡಿಲ ಚೀಲದಲ್ಲಿ ಸರಳು 8 ಸೆ.ಮೀ. ಇಳಿಯಿತು, ಬಿಗಿ ಚೀಲದಲ್ಲಿ 4 ಸೆ.ಮೀ. ಕೆಲಸ = ಬಲ × ಸ್ಥಾನಪಲ್ಲಟ ಎಂಬ ಸೂತ್ರದಿಂದ ಮಕ್ಕಳೇ ಸರಾಸರಿ ತಡೆಬಲವನ್ನು ಲೆಕ್ಕ ಹಾಕಿದರು: ಸುಮಾರು 25 ನ್ಯೂಟನ್ ಮತ್ತು 50 ನ್ಯೂಟನ್. ಶಕ್ತಿ ಒಂದೇ, ದೂರ ಅರ್ಧವಾದರೆ ಬಲ ಇಮ್ಮಡಿ.

“ಹಾಗಾದರೆ ಗೋಡೆಯೇ ಒಳ್ಳೆಯದಲ್ವಾ?” ಎಂದು ಒಬ್ಬ ಹುಡುಗಿ ಕೇಳಿದಳು. ಇದನ್ನು ನಾನು ಯೋಜನೆಯಲ್ಲಿ ಬರೆದಿರಲಿಲ್ಲ. ಉತ್ತರ ಅವರ ಲೆಕ್ಕದಲ್ಲೇ ಇತ್ತು. ಗೋಡೆಯಲ್ಲಿ ನಿಲ್ಲುವ ದೂರ ಬಹಳ ಕಡಿಮೆ, ಆದ್ದರಿಂದ ಬಲ ವಿಪರೀತ. ಬಾಣ ಮುರಿಯುತ್ತದೆ ಅಥವಾ ಹಿಂದಕ್ಕೆ ಚಿಮ್ಮುತ್ತದೆ. ಸಡಿಲ ಚೀಲದಲ್ಲಿ ಬಾಣ ಆಚೆಗೆ ಹೋಗಬಹುದು. ಒಳ್ಳೆಯ ಗುರಿ ಬಾಣವನ್ನು ಸ್ವಲ್ಪ ದೂರ ಒಳಗೆ ಬಿಟ್ಟುಕೊಂಡು, ಅದರ ಕಡ್ಡಿಯನ್ನು ಘರ್ಷಣೆಯಿಂದ ಹಿಡಿದು ನಿಲ್ಲಿಸುತ್ತದೆ.

ಅನ್ವಯ

ಪೂರ್ತಿ ಎಳೆದಾಗ 90 ನ್ಯೂಟನ್ ಬೇಕಾಗುವ ಬಿಲ್ಲನ್ನು ಅರ್ಧ ಮೀಟರ್ ಎಳೆದರೆ, ಬಲ ಒಂದೇ ಸಮನೆ ಏರುತ್ತದೆ ಎಂದುಕೊಂಡಾಗ, ½ × 90 × 0.5 = 22.5 ಜೂಲ್ ಸಂಗ್ರಹವಾಗುತ್ತದೆ. ಇದರ ಬಹುಪಾಲು ಬಾಣಕ್ಕೆ ಹೋಗುತ್ತದೆ. ನಮ್ಮ ಸರಳಿನದು ಬರೀ 2 ಜೂಲ್. ಆದ್ದರಿಂದ ಮನೆಯ ಗುರಿಚೀಲ ಇದಕ್ಕಿಂತ ಬಹಳ ದಪ್ಪವಿರಬೇಕು. ಮಕ್ಕಳು ಪಟ್ಟಿ ಮಾಡಿದ ಸೂಚನೆಗಳು:

1. ಹಳೆ ಬಟ್ಟೆಯಿಂದ ಗುಂಡಿ, ಜಿಪ್, ಹುಕ್ ತೆಗೆದು, ಪದರ ಪದರವಾಗಿ ತುಳಿದು ತುಂಬಿ, ಬಾಯಿ ಹೊಲಿಯಬೇಕು.
2. ರಟ್ಟು ಬಳಸುವುದಾದರೆ ಒಂದೇ ಅಗಲದ ಪಟ್ಟಿಗಳನ್ನು ಪೇರಿಸಿ, ಎರಡು ಹಲಗೆಗಳ ನಡುವೆ ಬೋಲ್ಟಿನಿಂದ ಬಿಗಿಯಬೇಕು. ಕತ್ತರಿಸಿದ ಅಂಚು ಬಾಣದ ಕಡೆಗಿರಬೇಕು. ಆಗ ಬಾಣ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ.
3. ಫೋಮಿನ ಗುರಿ ಕೊಳ್ಳುವುದಾದರೆ ನಮ್ಮ ಬಿಲ್ಲಿನ ಎಳೆತಕ್ಕೆ ಅದು ತಡೆಯುತ್ತದೆಯೇ ಎಂದು ಮೊದಲು ಕೇಳಬೇಕು.
4. ಮಳೆಗಾಲದಲ್ಲಿ ಗೋಣಿ, ರಟ್ಟು ಎರಡನ್ನೂ ಒಳಗಿಡಬೇಕು. ಒದ್ದೆಯಾದ ರಟ್ಟು ಬಾಣವನ್ನು ಹಿಡಿಯುವುದಿಲ್ಲ.

ಗುರಿಯ ಚಿತ್ರಕ್ಕೆ ಒಳಾಂಗಣದ 18 ಮೀಟರ್ ಸ್ಪರ್ಧೆಯ 40 ಸೆ.ಮೀ. ವ್ಯಾಸದ ಅಳತೆ ತೆಗೆದುಕೊಂಡೆವು: 2 ಸೆ.ಮೀ. ಅಂತರದ ಹತ್ತು ವೃತ್ತಗಳು.

ಮೌಲ್ಯಮಾಪನ ಮತ್ತು ಪ್ರತಿಫಲನ

ಗುರಿ ತಪ್ಪಿದ ಬಾಣವನ್ನು ಚೀಲ ನಿಲ್ಲಿಸುವುದಿಲ್ಲ. ಇದು ನನಗೆ ಹೊಳೆದದ್ದು ಪಾಠದ ಕೊನೆಯಲ್ಲಿ. ಹಾಗಾಗಿ ಮನೆಗೆಲಸ ಬದಲಿಸಿದೆ: ನಿಮ್ಮ ಅಂಗಳದ ನಕ್ಷೆ ಬರೆಯಿರಿ, ಗುರಿಯ ಹಿಂದೆ ಏನಿದೆ ಎಂದು ಗುರುತಿಸಿ, ದೊಡ್ಡವರಿಗೆ ತೋರಿಸಿ. ಪ್ರಶ್ನೆ ಕೇಳಿದ ಹುಡುಗನ ನಕ್ಷೆಯಲ್ಲಿ ಗುರಿ ಮೊದಲು ತೋಟದ ದಾರಿಗೆ ಎದುರಾಗಿತ್ತು. ಅದನ್ನು ಅಳಿಸಿ, ಮಣ್ಣಿನ ದರೆಯ ಮುಂದೆ ಬರೆದಿದ್ದ. ಕೆಳಗೆ ಒಂದು ಟಿಪ್ಪಣಿ: “ತಂಗಿ ನೀರಿಗೆ ಹೋಗುವ ದಾರಿ.”

ಸೂತ್ರ ಅವನಿಗೆ ಅರ್ಥವಾಗಿದೆ ಎಂಬುದಕ್ಕೆ ನನಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.