ಪಾಲು ದಾವೆ, ವಿಲ್ ವ್ಯಾಜ್ಯ: ಯುವ ವಕೀಲರಿಗೆ ಹನ್ನೊಂದು ಸೂತ್ರಗಳು

ಕರ್ನಾಟಕದ ಯಾವ ತಾಲ್ಲೂಕು ಕೋರ್ಟಿಗೆ ಹೋದರೂ ಓ.ಎಸ್. ನಂಬರುಗಳ ಸಾಲಿನಲ್ಲಿ ಪಾಲು ದಾವೆ ಇದ್ದೇ ಇರುತ್ತದೆ. ಕ್ರಿಮಿನಲ್ ಕಡೆಯ ಅಬ್ಬರ ಇಲ್ಲಿಲ್ಲ, ಕಂಪನಿ ವ್ಯಾಜ್ಯಗಳ ಫೀಸೂ ಇಲ್ಲ. ಕೆಲಸಕ್ಕೆ ಮಾತ್ರ ಬರ ಬಂದದ್ದಿಲ್ಲ. ಇಲ್ಲಿ ಹೆಸರು ಮಾಡಿದ ಹಿರಿಯರನ್ನು ಗಮನಿಸಿ: ಹೆಚ್ಚಿನವರು ಮಿತಭಾಷಿಗಳು. ಅವರ ಕೇಸು ತೀರ್ಮಾನವಾಗುವುದು ವಾದಪತ್ರ ಟೈಪಾಗುವ ಮೊದಲೇ, ಆಫೀಸಿನ ಮೇಜಿನ ಮೇಲೆ ಹರಡಿದ ಕಾಗದಗಳಲ್ಲಿ.

1. ಮೊದಲು ವಂಶವೃಕ್ಷ, ಆಮೇಲೆ ಕಾನೂನು. ಕಕ್ಷಿದಾರರು ಬಾಯಲ್ಲಿ ಹೇಳುವ ವಂಶಾವಳಿಯಲ್ಲಿ ಯಾರೋ ಒಬ್ಬರು ಬಿಟ್ಟುಹೋಗಿರುತ್ತಾರೆ. ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ಸೋದರತ್ತೆ, ಮಕ್ಕಳಿಲ್ಲದೆ ತೀರಿಕೊಂಡ ಚಿಕ್ಕಪ್ಪನ ಹೆಂಡತಿ, ತಾತನ ಎರಡನೇ ಸಂಸಾರದ ಮಗ. ಅಗತ್ಯ ಪಕ್ಷಕಾರರಿಲ್ಲದ ಪಾಲು ದಾವೆ ನಿಲ್ಲುವುದಿಲ್ಲ. ನಾಡಕಚೇರಿಯಿಂದ ತಂದ ವಂಶವೃಕ್ಷ ಅರ್ಜಿದಾರ ಕೊಟ್ಟ ಮಾಹಿತಿಯ ಮೇಲೆ ನಿಂತದ್ದು, ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ಶಾಲೆಯ ಟಿ.ಸಿ., ಹಳೇ ರೇಷನ್ ಕಾರ್ಡು, ಮರಣ ನೋಂದಣಿ, ಲಗ್ನಪತ್ರಿಕೆ, ಎಲ್ಲವನ್ನೂ ತರಿಸಿ. ಎರಡನೇ ಸಂಸಾರದ ಮಕ್ಕಳ ವಿಷಯ ಬಂದರೆ ರೇವಣಸಿದ್ದಪ್ಪ ಪ್ರಕರಣದ 2023ರ ಸುಪ್ರೀಂ ಕೋರ್ಟ್ ತೀರ್ಪನ್ನು ಪೂರ್ತಿ ಓದಿ. ಅಸಿಂಧು ಮದುವೆಯ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕುಂಟು, ಆದರೆ ಅವರು ಹುಟ್ಟಿನಿಂದ ಕೂಡುಕುಟುಂಬದ ಪಾಲುದಾರರಾಗುವುದಿಲ್ಲ.

2. ಶೆಡ್ಯೂಲನ್ನು ಜೂನಿಯರ್ ಕೈಗೆ ಬಿಡಬೇಡಿ. ಒಂದು ಹಿಸ್ಸಾ ನಂಬರು ಬಿಟ್ಟುಹೋದರೂ ಎದುರಾಳಿ ವಕೀಲರು 'ಭಾಗಶಃ ವಿಭಾಗದ ದಾವೆ' ಎಂದು ತಕರಾರು ಎತ್ತುತ್ತಾರೆ. ಪಹಣಿ, ಮ್ಯುಟೇಷನ್, ಆಕಾರಬಂದ್, ಇ.ಸಿ. ತೆಗೆಸಿ ಒಂದಕ್ಕೊಂದು ತಾಳೆ ನೋಡಿ. 'ಭೂಮಿ' ಯೋಜನೆ ಬರುವ ಮುಂಚಿನ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಲು ವಾರಗಟ್ಟಲೆ ಹಿಡಿಯಬಹುದು, ಹಿಡಿಯಲಿ. ನಿಮ್ಮ ಕಕ್ಷಿದಾರ ತನ್ನದೇ ಹೆಸರಿನಲ್ಲಿ ಕೊಂಡ ಸೈಟು ಇದೆಯೇ ಎಂದು ಮೊದಲ ದಿನವೇ ಕೇಳಿ. ಅವರು ಹೇಳದಿದ್ದರೆ ಪಾಟಿ ಸವಾಲಿನಲ್ಲಿ ಅವರ ತಮ್ಮ ಹೇಳಿಸುತ್ತಾನೆ.

3. ಫಾರಂ 7 ಹುಡುಕಿ. ಇದು ನಮ್ಮ ರಾಜ್ಯದ ವಿಶೇಷ. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನಂತರ ಉಳುವವರು ಭೂನ್ಯಾಯ ಮಂಡಳಿಗೆ ಫಾರಂ 7 ಕೊಟ್ಟರು. ಮನೆಯ ಪರವಾಗಿ ಅರ್ಜಿಗೆ ಸಹಿ ಹಾಕಿದವನು ಸಾಮಾನ್ಯವಾಗಿ ಹಿರಿಯ ಮಗ, ಅಧಿಭೋಗದ ಹಕ್ಕು ಬಂದದ್ದೂ ಅವನ ಹೆಸರಿಗೇ. ಐವತ್ತು ವರ್ಷದ ಮೇಲೆ ಅವನ ಮಕ್ಕಳು 'ಇದು ನಮ್ಮಪ್ಪನ ಸ್ವಂತ ಆಸ್ತಿ' ಎನ್ನುತ್ತಾರೆ. ಗೇಣಿ ಯಾರದಾಗಿತ್ತು, ಅಣ್ಣನ ಒಬ್ಬನದೋ ಇಡೀ ಕುಟುಂಬದ್ದೋ ಎಂಬುದಕ್ಕೆ 1974ಕ್ಕಿಂತ ಹಿಂದಿನ ಪಹಣಿಯ ಸಾಗುವಳಿ ಕಾಲಂನಲ್ಲಿ ಸುಳಿವು ಸಿಗುತ್ತದೆ. ಅಲ್ಲಿ ತಾತನ ಹೆಸರಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಮಂಡಳಿಯ ಮುಂದೆ ಅಣ್ಣ ಕೊಟ್ಟ ಹೇಳಿಕೆಯ ದೃಢೀಕೃತ ನಕಲನ್ನೂ ಬಿಡಬೇಡಿ. 'ನಾವು ಅಣ್ಣತಮ್ಮಂದಿರು ಒಟ್ಟಿಗೆ ಉಳುತ್ತಿದ್ದೇವೆ' ಎಂಬ ಒಂದು ಸಾಲು ಅದರಲ್ಲಿದ್ದರೆ ಮುಂದಿನ ತಲೆಮಾರಿನ ವಾದವೇ ಕುಸಿಯುತ್ತದೆ.

4. ಊರು ಹಿಂದೆ ಯಾರ ಆಳ್ವಿಕೆಯಲ್ಲಿತ್ತು, ಕೇಳಿ. ಹಳೇ ಮೈಸೂರಿನ ಕುಟುಂಬದಲ್ಲಿ 1956ಕ್ಕೆ ಮುಂಚೆ ಸಾವು ಅಥವಾ ವಿಭಾಗ ಆಗಿದ್ದರೆ 1933ರ ಮೈಸೂರು ಹಿಂದೂ ಮಹಿಳಾ ಹಕ್ಕುಗಳ ಕಾಯಿದೆ ಎದುರಾಗುತ್ತದೆ. ಕರಾವಳಿಯಲ್ಲಾದರೆ ಅಳಿಯಸಂತಾನದ ಕಟ್ಟು ಇತ್ತೇ ಎಂಬ ಪ್ರಶ್ನೆ. ಧಾರವಾಡದ ಫೈಲಿನಲ್ಲಿ ಗೆದ್ದ ವಾದ ಉಡುಪಿಯಲ್ಲಿ ಸೋಲಬಹುದು.

5. ತಾತನ ಆಸ್ತಿಯೆಲ್ಲ ಮೊಮ್ಮಗನದಲ್ಲ. ಆಫೀಸಿಗೆ ಬರುವ ಹತ್ತು ಜನರಲ್ಲಿ ಹೆಚ್ಚಿನವರು ಈ ತಪ್ಪು ತಿಳಿವಳಿಕೆ ಹೊತ್ತೇ ಬರುತ್ತಾರೆ. ತಾತ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನು, 1956ರ ನಂತರ ಅವರು ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೇ ಕಲಂನಡಿ ಮಗನಿಗೆ ಬಂದಾಗ ಅದು ಮಗನ ಸ್ವಂತದ್ದೇ. 1986ರ ಚಂದರ್ ಸೇನ್ ತೀರ್ಪಿನಿಂದ ಈ ಮಾತು ಸ್ಪಷ್ಟವಾಗಿದೆ. ಅಪ್ಪ ಬದುಕಿರುವಾಗ ಅದರಲ್ಲಿ ಪಾಲು ಕೇಳಿ ಬಂದ ಮಗನಿಗೆ 'ದಾವೆ ಬೇಡಪ್ಪ' ಎನ್ನುವ ಧೈರ್ಯ ಇಟ್ಟುಕೊಳ್ಳಿ. ಆ ದಿನ ಫೀಸು ತಪ್ಪುತ್ತದೆ, ನಿಜ.

6. ಹೆಣ್ಣುಮಕ್ಕಳ ಕೇಸಿನಲ್ಲಿ ತಾರೀಖುಗಳೇ ಮುಖ್ಯ. ಮೂರನ್ನು ಬಾಯಿಪಾಠ ಮಾಡಿ. 1994ರ ಜುಲೈ 30: ಕರ್ನಾಟಕದ ತಿದ್ದುಪಡಿ, ಆ ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. 2005ರ ಸೆಪ್ಟೆಂಬರ್ 9: ಕೇಂದ್ರದ ತಿದ್ದುಪಡಿ, ಮದುವೆಯ ಭೇದವಿಲ್ಲ. 2004ರ ಡಿಸೆಂಬರ್ 20: ಇದಕ್ಕೆ ಮುಂಚೆ ನೋಂದಣಿಯಾದ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಅದನ್ನು ಅಲ್ಲಾಡಿಸಲಾಗದು. 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿಲ್ಲದೆ ಒಪ್ಪುವಂತಿಲ್ಲ. ಆದ್ದರಿಂದ 'ಊರ ಪಂಚರ ಮುಂದೆ ಆಗಲೇ ಪಾಲಾಗಿದೆ' ಎನ್ನುವ ಅಣ್ಣಂದಿರಿಂದ ಅಂದಿನ ಮ್ಯುಟೇಷನ್, ಬೇರೆ ಬೇರೆ ಕಂದಾಯ ರಸೀದಿ ಕೇಳಿ. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರೆ? ಅದನ್ನು ರದ್ದು ಮಾಡಿಸಲು ಮೋಸ ಗೊತ್ತಾದ ದಿನದಿಂದ ಮೂರೇ ವರ್ಷ. ಆಕೆಯನ್ನು ಅಣ್ಣಂದಿರ ಎದುರು ಕೂರಿಸಿ ಪ್ರಶ್ನಿಸಬೇಡಿ, ಒಬ್ಬರನ್ನೇ ಕರೆದು ಮಾತಾಡಿಸಿ.

7. ವಿಲ್ ಬಂದರೆ ಮೊದಲು ಸಾಕ್ಷಿಗಳ ಮನೆಗೆ. ಅಕ್ಷರ, ಸಹಿ, ಸೀಲು ಆಮೇಲೆ. ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಂ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಅವರಲ್ಲಿ ಬದುಕಿರುವ, ಕೋರ್ಟಿಗೆ ಬರಬಲ್ಲ ಒಬ್ಬರಾದರೂ ಕಟಕಟೆ ಹತ್ತಬೇಕು. ಹಳೇ ಸಾಕ್ಷ್ಯ ಕಾಯಿದೆಯ 68ನೇ ಕಲಂ ಹೇಳುತ್ತಿದ್ದ ಇದೇ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂನಲ್ಲಿದೆ. ಸಾಕ್ಷಿಗೆ ಎಂಬತ್ತಾಗಿದ್ದರೆ ಕಮಿಷನರ್ ಮೂಲಕ ಹೇಳಿಕೆ ಪಡೆಯಲು ಇವತ್ತೇ ಅರ್ಜಿ ಹಾಕಿ. ರಿಜಿಸ್ಟರ್ ಆಗಿದೆ ಎಂಬ ಕಾರಣಕ್ಕೆ ವಿಲ್ ತಾನಾಗಿ ರುಜುವಾಗುವುದಿಲ್ಲ, ಆಗಿಲ್ಲ ಎಂಬ ಕಾರಣಕ್ಕೆ ಬಿದ್ದೂ ಹೋಗುವುದಿಲ್ಲ.

ಇಲ್ಲಿ ಓದಲೇಬೇಕಾದ ತೀರ್ಪು ಮೈಸೂರಿನಿಂದಲೇ ದೆಹಲಿಗೆ ಹೋದದ್ದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, ಎ.ಐ.ಆರ್. 1959. ವಿಲ್ ಮಂಡಿಸಿದವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ, ಲಾಭವೂ ಅವನ ಕಡೆಗೇ ಹರಿದಿದ್ದರೆ, ಅನುಮಾನ ನೀಗಿಸುವ ಹೊಣೆ ಅವನದೇ ಎಂದು ಅಲ್ಲಿ ಹೇಳಿದೆ. ಇಷ್ಟು ವರ್ಷಗಳ ನಂತರವೂ ವಿಲ್ ಕೇಸಿನ ಪಾಟಿ ಸವಾಲು ಇದೇ ದಾರಿಯಲ್ಲಿ ನಡೆಯುತ್ತದೆ. ಸ್ಟಾಂಪ್ ಪೇಪರ್ ತಂದವರಾರು? ವಕೀಲರನ್ನು ಗೊತ್ತು ಮಾಡಿದವರಾರು? ಅಜ್ಜಿಯನ್ನು ಕಾರಿನಲ್ಲಿ ಕರೆತಂದವರಾರು? ಕನ್ನಡವನ್ನಷ್ಟೇ ಬಲ್ಲ ಅಜ್ಜಿಗೆ ಇಂಗ್ಲಿಷ್ ವಿಲ್ ಓದಿ ಹೇಳಿದವರಾರು? ಪ್ರಶ್ನೆಗಳನ್ನು ಮೊದಲು ನಿಮ್ಮ ಕಕ್ಷಿದಾರನಿಗೇ ಹಾಕಿ ನೋಡಿ.

8. ಕೋರ್ಟ್ ಫೀ ಉಳಿಸಲು ಸುಳ್ಳು ಬರೆಯಬೇಡಿ. ಜಂಟಿ ಸ್ವಾಧೀನವಿದ್ದರೆ ಕರ್ನಾಟಕ ಕೋರ್ಟ್ ಫೀ ಕಾಯಿದೆಯ 35(2)ನೇ ಕಲಂನಡಿ ಇನ್ನೂರು ರೂಪಾಯಿ ಮೀರದು. ಆಸ್ತಿಯಿಂದ ಹೊರದಬ್ಬಿದ್ದಾರೆ ಎಂದು ನೀವೇ ಬರೆದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ವಾದಪತ್ರದ ಪ್ರತಿ ವಾಕ್ಯಕ್ಕೂ ಬೆಲೆಯಿದೆ.

9. ಒಂದು ಮನೆಗೆ ಒಬ್ಬರ ಪರವೇ. ಅಣ್ಣ ಬಂದು ಸಲಹೆ ಕೇಳಿ ಹೋದ ಮೇಲೆ ತಂಗಿಯ ವಕಾಲತ್ತು ಹಿಡಿಯುವಂತಿಲ್ಲ. 'ಗೆದ್ದರೆ ನಿಮಗೊಂದು ಸೈಟು' ಎಂಬ ಒಪ್ಪಂದಕ್ಕೂ ಬಾರ್ ಕೌನ್ಸಿಲ್ ನಿಯಮ ಅಡ್ಡ ನಿಲ್ಲುತ್ತದೆ. ಜಾಹೀರಾತು ಕೊಡುವಂತಿಲ್ಲ, ಮಧ್ಯವರ್ತಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಕೇಸು ಬರುವುದೆಲ್ಲಿಂದ? ಒಂದು ದಾವೆಯಲ್ಲಿ ನಿಮ್ಮ ಎದುರು ನಿಂತಿದ್ದ ಸೋದರಮಾವ ತನ್ನ ಇನ್ನೊಂದು ವ್ಯಾಜ್ಯಕ್ಕೆ ನಿಮ್ಮನ್ನೇ ಹುಡುಕಿಕೊಂಡು ಬರುವುದುಂಟು.

10. ಟ್ರಸ್ಟ್ ಕೇಸಿಗೆ ಅವಸರ ಬೇಡ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನ ಆಡಳಿತದ ವಿರುದ್ಧ ಸಿ.ಪಿ.ಸಿ. 92ನೇ ಕಲಂ ದಾವೆಯಾದರೆ ಹಿತಾಸಕ್ತಿಯುಳ್ಳ ಇಬ್ಬರು ಬೇಕು, ಕೋರ್ಟಿನ ಅನುಮತಿ ಮೊದಲು ಬೇಕು. ಟ್ರಸ್ಟ್ ಡೀಡ್ ಓದದೆ ಮಠ, ಶಾಲೆಗಳ ಜಗಳಕ್ಕೆ ಕೈ ಹಾಕಬೇಡಿ.

11. ರಾಜಿಗೆ ಬಾಗಿಲು ತೆರೆದಿಡಿ, ಅಂತಿಮ ಡಿಕ್ರಿಯನ್ನು ಮರೆಯಬೇಡಿ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ, ಲೋಕ ಅದಾಲತ್ತುಗಳು ಎಲ್ಲೆಡೆ ನಡೆಯುತ್ತವೆ. ಮನೆಯನ್ನು ಯಾರು ಇಟ್ಟುಕೊಳ್ಳಬೇಕು, ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮಧ್ಯಸ್ಥಗಾರರ ಮುಂದೆ ಬಗೆಹರಿಸುವಷ್ಟು ಚೆನ್ನಾಗಿ ಯಾವ ಡಿಕ್ರಿಯೂ ಬಗೆಹರಿಸದು. ರಾಜಿಯಾಗದೆ ಪ್ರಾಥಮಿಕ ಡಿಕ್ರಿ ಬಂದಿತೆನ್ನಿ. ಕಕ್ಷಿದಾರರು ಸಿಹಿ ಹಂಚುತ್ತಾರೆ, ಕೈಗೆ ಮಾತ್ರ ಒಂದು ಗುಂಟೆಯೂ ಬಂದಿರುವುದಿಲ್ಲ. ಪ್ರತ್ಯೇಕ ಅರ್ಜಿಗೆ ಕಾಯದೆ ಅಂತಿಮ ಡಿಕ್ರಿಯತ್ತ ಸಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯಗಳಿಗೆ ಹೇಳಿದೆ. ಆದರೂ ಬೆನ್ನು ಹತ್ತಬೇಕಾದವರು ನೀವೇ. ಕಂದಾಯದ ಜಮೀನು ಸಿ.ಪಿ.ಸಿ. 54ನೇ ಕಲಂನಡಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಮನೆ ಮತ್ತು ಸೈಟು ಕೋರ್ಟ್ ಕಮಿಷನರಿಗೆ. ಭಾಗ ಮಾಡಲಾಗದ ಮನೆಗೆ 1893ರ ವಿಭಾಗ ಕಾಯಿದೆಯಡಿ ಹರಾಜು, ಇಲ್ಲವೇ ಪಾಲುದಾರರೇ ಕೊಳ್ಳುವ ಅವಕಾಶ. ಸರ್ವೆಯರ್ ಅಳತೆಗೆ ಬರುವ ದಿನ ನೀವೂ ಹೊಲಕ್ಕೆ ಹೋಗಿ. ಬಾವಿ, ದಾರಿ, ತೆಂಗಿನ ಸಾಲು ಯಾರ ಪಾಲಿಗೆ ಬೀಳುತ್ತದೆಂದು ಅಲ್ಲೇ ನೋಡಿ ನಕ್ಷೆಗೆ ಆಕ್ಷೇಪಣೆ ಸಿದ್ಧಮಾಡಿ. ಈ ಹಂತದ ಫೀಸನ್ನು ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಬೇರೆಯಾಗಿ ಮಾತಾಡಿಕೊಂಡಿರಿ.